ಮಾವನ ಕ್ವಾರ್ಟರ್‌ಬ್ಯಾಕ್

ಭಾನುವಾರ ಮಧ್ಯಾಹ್ನ ನಮ್ಮ ಹಿತ್ತಲ ಬೇಲಿಯಾಚೆಯಿಂದ ಒಂದು ನರಳಾಟ ಕೇಳಿಸುತ್ತದೆ. ಯಾರಿಗೋ ಹೊಟ್ಟೆನೋವು ಎಂದು ನೀವು ಅಂದುಕೊಳ್ಳಬಹುದು. ಹಾಗೇನಿಲ್ಲ. ಹಿಂದಿನ ಮನೆಯವರು ಪ್ಯಾಟಿಯೋದಲ್ಲಿ ಟಿವಿ ಹಾಕಿಕೊಂಡು, ಗ್ರಿಲ್ ಮೇಲೆ ಮಾಂಸ ಸುಡುತ್ತಾ, ಕೈಯಲ್ಲಿ ಚೆಂಡು ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್ ನೋಡುತ್ತಾರೆ. ಅವರದು ಆಂಟೆನಾದ ಟಿವಿ, ನನ್ನದು ಇಂಟರ್ನೆಟ್ಟಿನಲ್ಲಿ ಬರುವ ಟಿವಿ. ಒಂದೇ ಆಟ ಅವರಿಗೆ ಅರ್ಧ ನಿಮಿಷ ಮೊದಲೇ ತಲುಪುತ್ತದೆ. ಹಾಗಾಗಿ ನನ್ನ ಟಿವಿಯಲ್ಲಿ ಚೆಂಡು ಎಸೆದು ಆಟ ನಡೆಸುವ ನಮ್ಮ ಟೀಮಿನ ಕ್ವಾರ್ಟರ್‌ಬ್ಯಾಕ್ ಇನ್ನೂ ಚೆಂಡು ಹಿಡಿದು ಆಚೀಚೆ ನೋಡುತ್ತಿರುವಾಗಲೇ ಬೇಲಿಯಾಚೆಯ ನರಳಾಟ ನನಗೆ ಎಲ್ಲವನ್ನೂ ಹೇಳಿಬಿಡುತ್ತದೆ. "ಬೇಡ ಕಣೋ, ಎಸೀಬೇಡ!" ಎಂದು ಕೂಗುತ್ತೇನೆ. ಅವನು ಎಸೆಯುತ್ತಾನೆ. ಎದುರಾಳಿ ಹಿಡಿದುಕೊಂಡು ಓಡುತ್ತಾನೆ.

ಕಳೆದ ಭಾನುವಾರವೂ ಹೀಗೇ ಆಯಿತು. ಬೈಯಲು ಬಾಯಿ ತೆರೆದವಳು ಅಭ್ಯಾಸಬಲದಿಂದ ಸೋಫಾದ ಎಡಮೂಲೆಗೆ ತಿರುಗಿದೆ. ಅಲ್ಲಿ ಯಾರೂ ಇರಲಿಲ್ಲ. ಅಲ್ಲಿ ಕೂತು "ಅದು ಅವನ ತಪ್ಪಲ್ಲ" ಎಂದು ಹೇಳಬೇಕಾದವರು ನನ್ನ ಮಾವ. ಗಾಬರಿಯಾಗಬೇಡಿ, ಮಾವ ಗಟ್ಟಿಮುಟ್ಟಾಗಿದ್ದಾರೆ. ಎಲ್ಲಿದ್ದಾರೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಮೂಲೆ ಅವರದಾದ ಬಗೆಯನ್ನು ಹೇಳಬೇಕು.

ನಾನು ಮೈಸೂರಿನವಳು. ಮನೆ ಡಲ್ಲಾಸ್ ಪಕ್ಕದ ಅಲೆನ್‌ನಲ್ಲಿ, ಕೆಲಸ ಪ್ಲೇನೋದಲ್ಲಿ. ಟೆಕ್ಸಸ್‌ಗೆ ಬಂದ ಹೊಸದರಲ್ಲಿ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋದರೆ ಕಾಫಿ ಮೆಷಿನ್ ಸುತ್ತ ಎಲ್ಲರೂ ಸೂತಕದ ಮನೆಯವರ ಹಾಗೆ ನಿಂತಿರುತ್ತಿದ್ದರು. ಏನಾಯಿತೆಂದು ಕೇಳಿದರೆ, ಡಲ್ಲಾಸ್ ಟೀಮು ಸೋತಿತು ಎನ್ನುತ್ತಿದ್ದರು. ದುಃಖದಲ್ಲಿ ಭಾಗಿಯಾಗದವರನ್ನು ಯಾರು ಮಾತಾಡಿಸುತ್ತಾರೆ? ಪಿಯುಸಿ ಪರೀಕ್ಷೆಗೆ ಕೂತ ಹಾಗೆ ಕೂತು ಆಟದ ನಿಯಮಗಳನ್ನು ಓದಿದೆ. ಪರೀಕ್ಷೆ ಮುಗಿದ ಮೇಲೂ ಪುಸ್ತಕ ಮುಚ್ಚಲಾಗಲಿಲ್ಲ. ನಾನು ಅಭಿಮಾನಿಯಾದ ಮೇಲೆ ಟೀಮು ಏಳಿಗೆ ಕಂಡದ್ದೇ ಇಲ್ಲ. ಅದು ನನ್ನ ಕಾಲ್ಗುಣ ಎಂದು ನನ್ನ ಗಂಡ ವಿನಯ್ ಹೇಳುತ್ತಾನೆ. ಹುಬ್ಬಳ್ಳಿಯವನು, ಈ ಆಟದ ಗಂಧಗಾಳಿ ಅವನಿಗಿಲ್ಲ. ಭಾನುವಾರ ನಮ್ಮ ಮನೆಯಲ್ಲಿ ಅಡುಗೆ ಅವನದು, ಬೈಗುಳ ನನ್ನದು.

ಒಂದು ಮಾತು ಖಂಡಿತವಾಗಿ ಹೇಳುತ್ತೇನೆ. ಬೈಯುವುದರಲ್ಲಿ ನಾನು ಅನ್ಯಾಯ ಮಾಡುವವಳಲ್ಲ. ಯಾವ ಎಸೆತ ಕೆಟ್ಟದ್ದು, ಯಾವುದು ದುರದೃಷ್ಟ ಎಂದು ನನಗೆ ಗೊತ್ತಾಗುತ್ತದೆ. ಟಿವಿಯಲ್ಲಿ ಕೋಟು ಹಾಕಿಕೊಂಡು ಕೂತು ಮಾತಾಡುವ ಹಳೇ ಆಟಗಾರರಿಗಿಂತ ನನ್ನ ಅಭಿಪ್ರಾಯಗಳು ಚೆನ್ನಾಗಿರುತ್ತವೆ. ಇದನ್ನು ನಾನು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ ಅನ್ನಿ.

ಕೆಲವು ವರ್ಷಗಳ ಹಿಂದೆ, ಬೇಸಿಗೆ ಮುಗಿದು ಆಟದ ಋತು ಶುರುವಾಗುವ ಹೊತ್ತಿಗೆ, ಮಾವ ನಮ್ಮಲ್ಲಿಗೆ ಬಂದರು. ನೀರಾವರಿ ಇಲಾಖೆಯಲ್ಲಿ ದೊಡ್ಡ ಎಂಜಿನಿಯರ್ ಆಗಿ ನಿವೃತ್ತರಾದವರು. ಕಾಲುವೆಯ ನೀರೂ ಅವರನ್ನು ಕೇಳಿಯೇ ತಿರುಗುತ್ತಿತ್ತು ಎಂದು ವಿನಯ್ ಹೇಳುವುದುಂಟು. ಅತ್ತೆ ತೀರಿಕೊಂಡ ಮೇಲೆ ಅವರು ಬಂದದ್ದು ಅದೇ ಮೊದಲು. ಅತ್ತೆ ಇದ್ದಾಗ ನನ್ನ ಮತ್ತು ಮಾವನ ನಡುವಿನ ಮಾತೆಲ್ಲ ಅವರ ಮೂಲಕ ಹೋಗಿ ಅವರ ಮೂಲಕ ಬರುತ್ತಿತ್ತು. ಈಗ ಆ ದಾರಿ ಇರಲಿಲ್ಲ. "ಕಾಫಿ ಕೊಡ್ಲಾ ಮಾವ", "ಊಟಕ್ಕೆ ಬನ್ನಿ ಮಾವ" ಎಂಬಲ್ಲಿಗೆ ನನ್ನ ಭಾಷೆ ಮುಗಿಯುತ್ತಿತ್ತು. "ಹೂಂನವಾ" ಎಂಬಲ್ಲಿಗೆ ಅವರದು.

ಮಾವನೆದುರು ಯಾರೂ ಹೆಸರೆತ್ತದವನು ಇನ್ನೊಬ್ಬನಿದ್ದ. ವಿನಯ್‌ನ ತಮ್ಮ ಗಿರೀಶ. ಹ್ಯೂಸ್ಟನ್‌ನಲ್ಲಿ ಆಯಿಲ್ ಕಂಪನಿಯ ಕೆಲಸದಲ್ಲಿದ್ದವನು ಅದನ್ನು ಬಿಟ್ಟು, ಜೋಳದ ರೊಟ್ಟಿ, ಎಣಗಾಯಿ ಪಲ್ಯದ ಊಟ ಕೊಡುವ ಒಂದು ಖಾನಾವಳಿ ತೆರೆದಿದ್ದ. ಮಾವ ಬೇಡವೆಂದಿದ್ದರು. ತೆರೆದ ಮೇಲೆ ಹುಬ್ಬಳ್ಳಿಯಿಂದ ದಿನವೂ ಫೋನ್ ಮಾಡಿ ಹೀಗೆ ಮಾಡು, ಹಾಗೆ ಮಾಡಬೇಡ ಎನ್ನುತ್ತಿದ್ದರು. ವರ್ಷ ತುಂಬುವ ಮೊದಲೇ ಅದು ಮುಚ್ಚಿತು. ಮುಚ್ಚಿದ ದಿನ ಮಗ ಫೋನ್ ಮಾಡಿ ವಿಷಯ ತಿಳಿಸಿದಾಗ ಮಾವನ ಬಾಯಿಂದ ಬಂದ ಮೊದಲ ಮಾತು, "ನಾ ಮೊದಲ ಹೇಳಿದ್ನಿಲ್ಲ?" ಗಿರೀಶ ಫೋನ್ ಇಟ್ಟ. ಆಮೇಲೆ ಅವರಿಬ್ಬರೂ ಮಾತಾಡಿರಲಿಲ್ಲ. ನಮ್ಮ ಜೊತೆ ಗಿರೀಶ ಮಾತಾಡುತ್ತಿದ್ದ. ಅಪ್ಪ ಟೆಕ್ಸಸ್‌ಗೆ ಬಂದಾಗ ಮಾತ್ರ ಏರ್‌ಪೋರ್ಟಿಗೂ ಬರಲಿಲ್ಲ, ಮನೆಗೂ ಬರಲಿಲ್ಲ.

ಇನ್ನು ಆ ಮೊದಲ ಭಾನುವಾರಕ್ಕೆ ಬರುತ್ತೇನೆ. ನಾನು ಟಿವಿ ಮುಂದೆ ಕೂತಿದ್ದೆ. ಮಾವ ಕೆಳಗಿಳಿದು ಬಂದು ಸೋಫಾದ ಎಡಮೂಲೆಯಲ್ಲಿ ಕೂತು, ಐಪ್ಯಾಡ್‌ನಲ್ಲಿ ಕನ್ನಡ ಪೇಪರ್ ಓದತೊಡಗಿದರು. ನಾನು ಮಡಿಚಿಟ್ಟಿದ್ದ ಕಾಲನ್ನು ಕೆಳಗಿಳಿಸಿ, ದೇವಸ್ಥಾನದಲ್ಲಿ ಕೂತಂತೆ ಕೂತೆ. ಸುಮಾರು ಹೊತ್ತು ತಡೆದುಕೊಂಡೆ. ಆದರೆ ಆ ವರ್ಷ ನಮ್ಮ ಟೀಮಿಗೆ ಬಂದಿದ್ದ ಹೊಸ ಕ್ವಾರ್ಟರ್‌ಬ್ಯಾಕ್, ಮುಖದ ಮೇಲೆ ಮೀಸೆಯೂ ಸರಿಯಾಗಿ ಬಲಿಯದ ಹುಡುಗ, ಚೆಂಡನ್ನು ನೇರವಾಗಿ ಎದುರಾಳಿಯ ಎದೆಗೆ ಎಸೆದ.

"ಅಯ್ಯೋ ಕತ್ತೆ ನನ್ಮಗನೇ! ಕಣ್ಣು ಎಲ್ಲಿಟ್ಕೊಂಡಿದೀಯೋ!"

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಸದ್ದು ನಿಂತಿತು. ಮಾವ ಕನ್ನಡಕ ತೆಗೆದರು.

"ಯಾರಿಗವಾ ಬೈದಿದ್ದು?"

"ಅ... ಅವನಿಗೆ ಮಾವ. ಕ್ವಾರ್ಟರ್‌ಬ್ಯಾಕ್‌ಗೆ."

"ಅವಾ ಏನು ಮಾಡಿದ, ಪಾಪ?"

ಹೇಳದೆ ವಿಧಿಯಿರಲಿಲ್ಲ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ ಮಾವ, ಓಡಬಹುದು, ಎಸೆಯಬಹುದು, ಎಸೆದದ್ದನ್ನು ಅವರು ಹಿಡಿದರೆ ನಮ್ಮ ಸರದಿ ಹೋಯಿತು ಎಂದೆ. ಅವರು ಐಪ್ಯಾಡ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ನೋಡಿದರು. "ಅಂದ್ರ ಗಜಗಟ್ಟಲೆ ಜಗಳಾಡಿಕೋತ ಮುಂದ ಹೋಗೂದು. ಕಾಲುವಿಗೆ ರೈತರ ಕಡಿಂದ ಜಾಗ ಬಿಡಿಸಿಕೊಂಡಂಗ" ಎಂದರು. ಇಷ್ಟು ಬೇಗ ಆಟ ಅರ್ಥ ಮಾಡಿಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆಮೇಲೆ ಪ್ರತಿ ಭಾನುವಾರ ಆ ಮೂಲೆ ಅವರದಾಯಿತು. ನಾನು ಅಂದುಕೊಂಡಿದ್ದೆ, ಅಧಿಕಾರಿಯಾಗಿದ್ದವರು, ತಪ್ಪು ಮಾಡಿದವನನ್ನು ನನಗಿಂತ ಜೋರಾಗಿ ಬೈಯುತ್ತಾರೆ ಎಂದು. ಅವರು ಹುಡುಗನ ವಕೀಲರಾದರು. ಅವರ ಸಿಟ್ಟೆಲ್ಲ ಗೆರೆಯಾಚೆ ನಿಂತು, ದೊಡ್ಡ ಹಾಳೆಯಿಂದ ಬಾಯಿ ಮುಚ್ಚಿಕೊಂಡು ಮೈಕಿನಲ್ಲಿ ಆಜ್ಞೆ ಕೊಡುವ ಕೋಚ್ ಮೇಲೆ.

"ನೋಡವಾ. ಮೊದಲನೇ ಸಲ ನಡುವ ನುಗ್ಗಿಸ್ತಾನ, ಬೀಳ್ತಾರ. ಎರಡನೇ ಸಲಾನೂ ಅಲ್ಲೇ ನುಗ್ಗಿಸ್ತಾನ, ಮತ್ತ ಬೀಳ್ತಾರ. ಮೂರನೇ ಸಲಕ್ಕ ಎಲ್ಲಾ ತಂದು ಹುಡುಗನ ತಲಿಮ್ಯಾಲೆ ಹಾಕ್ತಾನ. ಅಷ್ಟೊತ್ತಿಗೆ ಎದುರಿನವರಿಗೆಲ್ಲ ಗೊತ್ತಾಗಿರ್ತೈತಿ, ಇವಾ ಒಗಿತಾನ ಅಂತ."

"ಆದ್ರೂ ಮಾವ, ಬಲಗಡೆ ಒಬ್ಬ ಆರಾಮಾಗಿ ಕೈ ಎತ್ತಿಕೊಂಡು ನಿಂತಿದ್ದ. ಇವನು ಆ ಕಡೆ ತಿರುಗಲೇ ಇಲ್ಲ."

"ಆನಿಯಂಥವ್ರು ಮೈಮ್ಯಾಲೆ ಬರಾಕತ್ತಿದ್ರ ನಿನಗ ಬಲಗಡೆ ಎಡಗಡೆ ಕಾಣ್ತಿತ್ತೇನು?"

"ಅದಕ್ಕೇ ಅಲ್ವಾ ಅವನಿಗೆ ಅಷ್ಟೊಂದು ಸಂಬಳ ಕೊಡೋದು!"

ನಾನು ಮಾವನಿಗೆ ಎದುರು ಮಾತಾಡುತ್ತಿದ್ದೆ. ಕೈ ಬೀಸಿ, ದನಿ ಏರಿಸಿ. ವಿನಯ್ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದ. ಅವನ ಮಟ್ಟಿಗೆ ಟಿವಿಯಲ್ಲಿ ನಡೆಯುತ್ತಿದ್ದ ಆಟ ಏನೇನೂ ಅಲ್ಲ.

ಟೀಮು ಸೋಲುತ್ತಲೇ ಹೋಯಿತು. ಒಂದು ಭಾನುವಾರ ಲಿಟಲ್ ಎಲ್ಮ್‌ನಲ್ಲಿರುವ ಸ್ನೇಹಿತ ರಘು ತನ್ನ ಹೊಸ ಮನೆಗೆ ಕರೆದಿದ್ದ. ಕಿಟಕಿಯಿಂದ ಕೆರೆ ಕಾಣುವ ಮನೆ. ಕೆರೆಯನ್ನು ಯಾರು ನೋಡಿದರು? ನಡುಮನೆ ತುಂಬ ನಮ್ಮ ಜನ, ಕೈಯಲ್ಲಿ ಬಿಸಿಬೇಳೆಭಾತು ಮೊಸರನ್ನದ ತಟ್ಟೆ, ಗೋಡೆಯಗಲದ ಟಿವಿ. ಹುಡುಗ ಚೆಂಡು ಕೈಬಿಟ್ಟ. ಮನೆಗೆ ಮನೆಯೇ ಅವನ ಮೇಲೆ ಮುಗಿಬಿತ್ತು.

"ಇವನಿಗೆ ಕಾನ್ಫಿಡೆನ್ಸೇ ಇಲ್ಲ ಅಂಕಲ್," ಎಂದ ರಘು. "ನೆಕ್ಸ್ಟ್ ವೀಕ್‌ನಿಂದ ಬೆಂಚ್ ಮೇಲೆ ಕೂರಿಸಬೇಕು."

ಮಾವ ತಟ್ಟೆ ಕೆಳಗಿಟ್ಟರು. "ಕಾನ್ಫಿಡೆನ್ಸ್ ಎಲ್ಲಿಂದ ಬರಬೇಕ್ರೀ? ಸ್ಟೇಡಿಯಂ ತುಂಬ ಬೈತಾರ, ಟಿವ್ಯಾಗ ಬೈತಾರ, ಇಲ್ಲಿ ಮೊಸರನ್ನ ತಿನಕೋತ ನೀವು ಬೈತೀರಿ. ಬಿದ್ದಾವಗ ನೀ ಬಿದ್ದಿ ಅಂತ ಹೇಳಾಕ ಇಷ್ಟ ಮಂದಿ ಬೇಕೇನು? ಒಬ್ಬರಾದ್ರೂ ಅವನ ಕಡೆ ಇರಬೇಕಲ್ಲ."

ಯಾರೋ ಜಾಮೂನು ತಂದರು.

ಮನೆಗೆ ಹಿಂದಿರುಗುವಾಗ ವಿನಯ್ ಡ್ರೈವ್ ಮಾಡುತ್ತಿದ್ದ, ಮಾವ ಅವನ ಪಕ್ಕ, ನಾನು ಹಿಂದೆ. ಸಂಜೆಯ ಬಿಸಿಲು ಟೋಲ್ ರಸ್ತೆಯ ಮೇಲೆ ಉದ್ದಕ್ಕೆ ಬಿದ್ದಿತ್ತು. ಮಾವನ ಆ ಮಾತು ನನ್ನ ತಲೆಯಲ್ಲೇ ಸುತ್ತುತ್ತಿತ್ತು. ಗುರುತು ಪರಿಚಯವಿಲ್ಲದ ಹುಡುಗನಿಗೆ ಇಷ್ಟು ಕರಗುವವರು, ಇದೇ ರಾಜ್ಯದಲ್ಲಿ, ನಾಲ್ಕೈದು ಗಂಟೆಯ ದಾರಿಯಾಚೆ ಇರುವ ತಮ್ಮ ಹುಡುಗನಿಗೆ?

"ಮಾವ," ಎಂದೆ. "ಗಿರೀಶನ ಕಡೆಗೂ ಒಬ್ಬರು ಇರಬೇಕಿತ್ತು."

ವಿನಯ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ಮಾವ ಕಿಟಕಿಯ ಕಡೆ ತಿರುಗಿದರು. ಮನೆ ಬಂತು. ಕಾರಿಳಿದ ಮಾವ ನೇರವಾಗಿ ಮೇಲಿನ ತಮ್ಮ ಕೋಣೆಗೆ ಹೋದರು. ಹಾಗೆ ಹೇಳಿದ್ದಕ್ಕೆ ನನಗೆ ಅವತ್ತೂ ಪಶ್ಚಾತ್ತಾಪವಾಗಲಿಲ್ಲ, ಇವತ್ತೂ ಇಲ್ಲ. ಹೆದರಿಕೆ ಮಾತ್ರ ಚೆನ್ನಾಗಿಯೇ ಆಯಿತು. ಟಿಕೆಟ್ ಬದಲಿಸಿಕೊಂಡು ಹುಬ್ಬಳ್ಳಿಗೆ ಹೊರಟುಬಿಟ್ಟರೆ?

"ಬರೋಬ್ಬರಿ ಹೇಳಿದಿ," ಎಂದ ವಿನಯ್. "ನಾ ಹೇಳಬೇಕಿತ್ತು. ಧೈರ್ಯ ಇರಲಿಲ್ಲ."

ಆ ವಾರ ಪೂರ್ತಿ ನಾವು ಮತ್ತೆ ಕಾಫಿ, ಊಟ, ಹೂಂನವಾ ಭಾಷೆಗೆ ಹಿಂದಿರುಗಿದೆವು. ಭಾನುವಾರ ಬಂತು. ಆಟ ಶುರುವಾಗುವ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮಾವ ಬಂದು ಎಡಮೂಲೆಯಲ್ಲಿ ಕೂತರು. ಹುಡುಗ ಎಂದಿನಂತೆ ಒಂದೇ ಕಡೆ ನೋಡಿ, ಎಂದಿನಂತೆ ತಪ್ಪು ಕಡೆ ಎಸೆದ. ನಾನು ದಿಂಬನ್ನು ಅವುಚಿಕೊಂಡು ಸುಮ್ಮನಿದ್ದೆ.

"ಬೈಯವಾ," ಎಂದರು ಮಾವ. "ನೀ ಸುಮ್ಮ ಕುಂತ್ರ ನನಗ ಹೆದರಿಕಿ ಆಕ್ಕೈತಿ."

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸ್ವಲ್ಪ ಹೊತ್ತಿನ ಮೇಲೆ, ಜಾಹೀರಾತು ಬರುತ್ತಿದ್ದಾಗ, ಟಿವಿಯ ಮೇಲಿಂದ ಕಣ್ಣು ತೆಗೆಯದೆ ಕೇಳಿದರು, "ಹ್ಯೂಸ್ಟನ್ ಎಷ್ಟು ದೂರ ಆಕ್ಕೈತಿ?"

ಮುಂದಿನ ಆಟ ಹ್ಯೂಸ್ಟನ್ ಟೀಮಿನ ಮೇಲೇ ಇತ್ತು. ನಾನು ಗಿರೀಶನಿಗೆ ಫೋನ್ ಮಾಡಿದೆ. ಅವನು ಹೇಳಿದ, "ಬರ್ಲಿ ವೈನಿ. ನನ್ನ ಮನಿ ಬಾಗಿಲೇನು ಮುಚ್ಚಿಲ್ಲ. ಆದ್ರ ಉಪದೇಶ ಮಾಡಬಾರದು ಅಂತ ಹೇಳ್ರಿ." ವೈನಿ ಎಂದರೆ ಅವರ ಕಡೆ ಅತ್ತಿಗೆ. ಮಾವನಿಗೆ ಷರತ್ತು ಮುಟ್ಟಿಸಿದೆ. ಅವರು ಯೋಚಿಸಿ, "ಆಟದ ಬಗ್ಗೆ ಮಾತಾಡಬಹುದೇನು, ಕೇಳು" ಎಂದರು.

ಆಟದ ದಿನ ಬೆಳಿಗ್ಗೆ ಬೇಗ ಹೊರಟೆವು. ದಾರಿಯುದ್ದಕ್ಕೂ ಮಾವ ಒಂದೇ ಒಂದು ಸಲ ಕಾರು ನಿಲ್ಲಿಸಲು ಹೇಳಿ, ಪೆಟ್ರೋಲ್ ಬಂಕಿನ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಬಂದರು. ಗಿರೀಶ ಬೇಕೆಂದೇ ಹ್ಯೂಸ್ಟನ್ ಟೀಮಿನ ಅಂಗಿ ಹಾಕಿಕೊಂಡು ಬಾಗಿಲು ತೆರೆದ. ಬಗ್ಗಿ ಅಪ್ಪನ ಕಾಲು ಮುಟ್ಟಿದ, ಮುಖ ನೋಡಲಿಲ್ಲ. ಟೇಬಲ್ ಮೇಲೆ ಪೀಝಾ ಡಬ್ಬಿಗಳಿದ್ದವು. ಖಾನಾವಳಿ ಮುಚ್ಚಿದ ಮೇಲೆ ಅವನು ಒಲೆ ಹಚ್ಚುವುದನ್ನೇ ಬಿಟ್ಟಿದ್ದ ಎಂದು ನಮಗೆ ಗೊತ್ತಿತ್ತು. ಅಪ್ಪ ಸೋಫಾದ ಒಂದು ತುದಿ, ಮಗ ಇನ್ನೊಂದು ತುದಿ, ನಡುವೆ ನಾನು ಮತ್ತು ವಿನಯ್, ಭತ್ತದ ಮೂಟೆಗಳ ಹಾಗೆ.

ಆಟ ಶುರುವಾಯಿತು. ಮಾತೆಲ್ಲ ಟಿವಿಯೊಂದಿಗೆ. ಎರಡನೇ ಭಾಗದಲ್ಲಿ ಹ್ಯೂಸ್ಟನ್ನಿನ ಇಬ್ಬರು ನಮ್ಮ ಹುಡುಗನನ್ನು ಎತ್ತಿ ನೆಲಕ್ಕೆ ಕುಕ್ಕಿದರು. ಗಿರೀಶ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಇವನ್ನ ಇನ್ನೂ ಯಾಕ ಇಟ್ಕೊಂಡಾರ? ತಗದು ಒಗೀಬೇಕು!"

"ಅದು ಅವನ ತಪ್ಪಲ್ಲ," ಎಂದರು ಮಾವ.

"ಮತ್ತ ಯಾರದ್ರಿ?"

"ಕೋಚಂದು. ಹೊರಗ ನಿಂತು ಹಂಗ ಮಾಡು ಹಿಂಗ ಮಾಡು ಅಂತಾನ. ಪೆಟ್ಟು ತಿನ್ನಾವ ಒಳಗಿರಾವ." ಮಾವ ಟಿವಿಯಿಂದ ಕಣ್ಣು ಕಿತ್ತು ಮಗನ ಕಡೆ ತಿರುಗಿದರು. "ಗಿರೀಶ, ಖಾನಾವಳಿ ಮುಚ್ಚಿದ ದಿನ ನಾ ಹಂಗ ಅನ್ನಬಾರದಿತ್ತು. ಊಟ ಮಾಡಿದಿಯೇನು ಅಂತ ಕೇಳಬೇಕಿತ್ತು."

ನಾನು ನನ್ನ ಕೈಬೆರಳುಗಳನ್ನು ನೋಡಿಕೊಳ್ಳುತ್ತಾ ಕೂತೆ. ಗಿರೀಶ ಅಡುಗೆಮನೆಗೆ ಹೋದ. ನಲ್ಲಿ ನೀರು ಬಿಟ್ಟ ಸದ್ದು. ನಿಲ್ಲಿಸಿದ ಸದ್ದು. ಮತ್ತೆ ಬಿಟ್ಟ ಸದ್ದು. ವಿನಯ್ ಏಳಲು ಹೋದ. ನಾನು ಅವನ ಮೊಣಕೈ ಹಿಡಿದು ಕೂರಿಸಿದೆ. ಬಹಳ ಹೊತ್ತಿನ ಮೇಲೆ ಗಿರೀಶ ಮುಖ ತೊಳೆದುಕೊಂಡು ಬಾಗಿಲಿಗೆ ಬಂದು ನಿಂತ. "ಪೀಝಾ ನಿಮಗ ಸೇರಂಗಿಲ್ಲ," ಎಂದ ಅಪ್ಪನಿಗೆ. "ಜೋಳದ ಹಿಟ್ಟು ಐತಿ. ಎರಡು ರೊಟ್ಟಿ ಬಡೀಲೇನ್ರಿ?"

ಮಾವ ಎದ್ದು ಅವನ ಹಿಂದೆ ಹೋದರು. ವಿನಯ್ ಅವರ ಹಿಂದೆ ಹೋದ. ಸ್ವಲ್ಪ ಹೊತ್ತಿಗೆ ಮಾವನ ದನಿ ಕೇಳಿಸಿತು, "ನೀರು ಇನ್ನೊಂದೀಟು..." ಅಲ್ಲಿಗೇ ನುಂಗಿಕೊಂಡರು. "ಹೇಳ್ರಿ, ಹೇಳ್ರಿ," ಎಂದ ಗಿರೀಶ. "ಇವತ್ತೊಂದು ದಿನ ಹೇಳ್ರಿ." ಆಮೇಲೆ ಮೂವರೂ ಗಂಡಸರು ನೀರು ಕುದಿಯಬೇಕೋ ಬರೀ ಕಾದರೆ ಸಾಕೋ ಎಂದು ವಾದಕ್ಕೆ ಬಿದ್ದರು. ಅದರ ಮೇಲೆ ರೊಟ್ಟಿ ಬಡಿಯುವ ಸದ್ದು.

ಇಂಥ ಹೊತ್ತಿನಲ್ಲೂ ಆಟದ ಕೊನೆಯ ಭಾಗವನ್ನು ಬಿಡದೆ ನೋಡಿದವಳು ಆ ಮನೆಯಲ್ಲಿ ನಾನೊಬ್ಬಳೇ. ನೋಡಿದ್ದು ಒಳ್ಳೆಯದಾಯಿತು. ಹುಡುಗ ಇಬ್ಬರಿಂದ ತಪ್ಪಿಸಿಕೊಂಡು, ಬಲಗಡೆಗೆ, ಹೌದು, ಬಲಗಡೆಗೆ ತಿರುಗಿ, ಮೈದಾನದ ಅರ್ಧದಷ್ಟು ದೂರ ಚೆಂಡು ಎಸೆದ. ಓಡುತ್ತಿದ್ದವನ ಕೈಗೆ ಅದು ಹೂವಿನ ಹಾಗೆ ಇಳಿಯಿತು. ಆ ಇಡೀ ಋತುವಿನ ಅತ್ಯುತ್ತಮ ಎಸೆತ. ನಾನು ಎದ್ದು ನಿಂತು ಒಬ್ಬಳೇ ಚಪ್ಪಾಳೆ ತಟ್ಟಿದೆ. "ಮಾವ, ನೋಡಿ ಬನ್ನಿ!" ಎಂದು ಕೂಗಿದೆ. ಯಾರೂ ಬರಲಿಲ್ಲ. ಆಟ ಸೋತೆವು. ರೊಟ್ಟಿ ಮಾತ್ರ ಬಹಳ ಚೆನ್ನಾಗಿತ್ತು, ನಾಲ್ಕು ತಿಂದೆ.

ಋತು ಮುಗಿದಾಗ ಕೋಚನ್ನು ಮನೆಗೆ ಕಳಿಸಿದರು. ಹುಬ್ಬಳ್ಳಿಗೆ ಹಿಂದಿರುಗಿದ್ದ ಮಾವ ಫೋನ್ ಮಾಡಿ ಸುದ್ದಿಯನ್ನು ನನ್ನ ಬಾಯಿಂದ ಎರಡು ಸಲ ಹೇಳಿಸಿಕೊಂಡರು. ಆದರೆ ಹುಡುಗನನ್ನೂ ಬೇರೆ ಊರಿನ ಟೀಮಿಗೆ ಕಳಿಸಿದರು ಎಂದಾಗ ಬೇಜಾರಾದರು. ತಪ್ಪು ಯಾರದು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಕೋಚ್ ದಡ್ಡ ಎಂಬುದನ್ನು ಒಪ್ಪುತ್ತೇನೆ. ಹುಡುಗನೂ ಕತ್ತು ತಿರುಗಿಸಬೇಕಿತ್ತು.

ಗಿರೀಶ ಎರಡನೇ ಸಲ ಖಾನಾವಳಿ ತೆರೆದಿದ್ದಾನೆ. ಈ ಸಲ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿ, ಒಂದು ಸಲೂನ್ ಮತ್ತು ಹಲ್ಲಿನ ಡಾಕ್ಟರ ನಡುವೆ, ಕೆಲವೇ ಟೇಬಲ್ಲುಗಳ ಜಾಗ. ನಡೆಯುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಮಾವ ಈ ವರ್ಷ ಟೆಕ್ಸಸ್‌ಗೆ ಬಂದವರು ಅಲೆನ್‌ನಲ್ಲಿ ನಾಲ್ಕು ದಿನ ಇದ್ದು, "ನಾ ಒಂದೀಟು ಅವನ ಕಡೆ ಇದ್ದು ಬರ್ತೀನವಾ" ಎಂದು ಹೊರಟರು. ಅಲ್ಲಿ ಗಲ್ಲಾದ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂರುತ್ತಾರಂತೆ. ಉಪದೇಶ ಇಲ್ಲ. ಹೇಳಬೇಕೆನಿಸಿದ್ದನ್ನೆಲ್ಲ ನನಗೆ ಫೋನ್ ಮಾಡಿ ಹೇಳುತ್ತಾರೆ. ಚಟ್ನಿಗೆ ಶೇಂಗಾ ಹೆಚ್ಚಾಯಿತು, ಬೋರ್ಡಿನ ಅಕ್ಷರ ಸಣ್ಣದಾಯಿತು. ನಾನು ಹೂಂ ಎನ್ನುವುದಿಲ್ಲ, ವಾದ ಮಾಡುತ್ತೇನೆ. ಅದೇ ಅವರಿಗೆ ಇಷ್ಟ.

ಕಳೆದ ಭಾನುವಾರ ಕೊನೆಯ ಭಾಗ ನಡೆಯುತ್ತಿದ್ದಾಗ ಫೋನ್ ಬಂತು.

"ಇಲ್ಲಿ ಟಿವಿ ಇಲ್ಲ ನೋಡವಾ. ಎಲ್ಲಿಗಿ ಬಂತು ಆಟ? ಹೇಳು."

ಹಿಂದೆ ಪಾತ್ರೆ ಸದ್ದು, ಗಿರೀಶ ಯಾರನ್ನೋ ಮಾತಾಡಿಸುವ ಸದ್ದು. ನಾನು ಶುರು ಮಾಡಿದೆ. ಈ ವರ್ಷದವನೂ ಅಷ್ಟೇ ಮಾವ, ಈ ಕೋಚೂ ಅಷ್ಟೇ, ಎರಡು ಸಲ ನಡುವೆ ನುಗ್ಗಿಸಿದ, ಬಿದ್ದರು. ಮೂರನೇ ಸಲ ಎಸೆದ, ನೆಲಕ್ಕೆ ಬಿತ್ತು. ಈಗ ಕೊನೇ ಅವಕಾಶ, ಎರಡೇ ಗಜ ಬೇಕು, ಇದು ಸಿಕ್ಕರೆ ಗೆದ್ದ ಹಾಗೆ, ಎಲ್ಲರೂ ಸಾಲಾಗಿ ನಿಂತಿದ್ದಾರೆ, ಹುಡುಗ ಚೆಂಡು ತಗೊಂಡ, ಹಿಂದೆ ಸರಿದ...

"ನಿಲ್ಲ ನಿಲ್ಲ," ಎಂದರು ಮಾವ. "ಗಿರಾಕಿ ಬಂದ್ರು. ಆರು ಮಂದಿ ಅದಾರ!"

ಫೋನ್ ಇಟ್ಟೇಬಿಟ್ಟರು.